ನರಿ ಬಾಲ ಹೊಲಿಸುವವರಿಗೆ: ಶಿರಸಿಯ ಒಂದು ಟೈಲರ್ ಅಂಗಡಿ

ಶಿರಸಿ ಪೇಟೆಯ ಈ ಸಣ್ಣ ಅಂಗಡಿಯಲ್ಲಿ ಥೇರಿಯನ್‌ಗಳಿಗೆ, ಅಂದರೆ ಒಳಗಿನಿಂದ ತಮ್ಮನ್ನು ಪ್ರಾಣಿಯೆಂದು ಗುರುತಿಸಿಕೊಳ್ಳುವವರಿಗೆ, ಬೇಕಾದ ಬಾಲ ಹೊಲಿದು ಕೊಡುತ್ತಾರೆ. ಕೆಲಸ ಅಚ್ಚುಕಟ್ಟು. ತುಪ್ಪಳದ ಬಟ್ಟೆಗೆ ಕತ್ತರಿ ಹಾಕುವುದಿಲ್ಲ, ಹಿಂಬದಿಯಿಂದ ಬ್ಲೇಡಿನಲ್ಲಿ ಸೀಳುತ್ತಾರೆ. ಕೂದಲು ಮೊಟಕಾಗದೆ ಹೊಲಿಗೆಯನ್ನು ಮುಚ್ಚಿಬಿಡುತ್ತದೆ. ಕೂದಲು ಬುಡದಿಂದ ತುದಿಯತ್ತ ಮಲಗಿರಬೇಕು, ತಿರುಗಿದರೆ ಕೆದರಿದ ಪೊರಕೆಯಂತೆ ಕಾಣುತ್ತದೆ. ಒಳಗೆ ಹತ್ತಿ ಬೇಡ, ಇಲ್ಲಿನ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ಫೈಬರ್ ಸಡಿಲವಾಗಿ ತುಂಬಿಸಿ. ಬೆಲ್ಟಿಗೆ ಒಂದೇ ಕುಣಿಕೆ ಇಡುತ್ತಾರೆ, ಅದೇ ದೋಷ: ನಡೆದಂತೆ ಬಾಲ ಪಕ್ಕಕ್ಕೆ ಜಾರುತ್ತದೆ. 2 ಇಂಚು ಅಂತರದಲ್ಲಿ ಎರಡು ಹಾಕಿಸಿ.

"ನಾಟಕಕ್ಕಾ?" ಅಂತ ಕೇಳುತ್ತಾರೆ. ಬಿಡಿಸಿ ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಅದು ದೊಡ್ಡ ಮಾತು. ದೇಹ ಮನುಷ್ಯರದೇ ಎಂಬುದು ಥೇರಿಯನ್‌ಗಳಿಗೆ ಚೆನ್ನಾಗಿ ಗೊತ್ತು. ಮೈಯೇ ಪ್ರಾಣಿಯಾಗಿದೆ ಎಂಬ ಭ್ರಮೆ ಬೇರೆ, ಅದಕ್ಕೆ ವೈದ್ಯರು ಬೇಕು. ಪ್ರಾಣಿಪಾತ್ರಗಳ ಅಭಿಮಾನಿಗಳಾದ ಫರ್ರಿಗಳೂ ಬೇರೆ. ಬಾಲವಾಗಲಿ, ಕೈಕಾಲೂರಿ ಓಡುವ ಕ್ವಾಡ್ರೋಬಿಕ್ಸ್ ಆಗಲಿ ಕಡ್ಡಾಯವಲ್ಲ. ಎರಡೂ ಬೇಡವೆನ್ನುವ ಥೇರಿಯನ್‌ಗಳಿದ್ದಾರೆ.

ತೊಳೆದ ಬಾಲವನ್ನು ನೆರಳಲ್ಲಿ ನೇತುಹಾಕಿ. ಇಸ್ತ್ರಿ ತಾಗಿಸಬೇಡಿ, ಕೃತಕ ಕೂದಲು ಕರಗಿ ಗಂಟಾಗುತ್ತದೆ.