ತುಲಂಬೆನ್‌ನ ಲಿಬರ್ಟಿ ಹಡಗು: ಬೆಳಿಗ್ಗೆ ಆರಕ್ಕೇ ನೀರಿಗಿಳಿಯಿರಿ

ನಾನು ಕಾರವಾರದವಳು. ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ನೀರಿನಡಿ ಮಲಗಿದ ಹಡಗನ್ನು ಮಾತ್ರ ನೋಡಿರಲಿಲ್ಲ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತ ಮೇಲೆ ಆ ಆಸೆ ಜಾಸ್ತಿಯಾಯಿತು. ನಮ್ಮಲ್ಲಿ ಮಳೆಗಾಲಕ್ಕೆ ಎಲ್ಲ ಬಂದ್ ಆಗಿದ್ದಾಗ, ಆಗಸ್ಟ್‌ನಲ್ಲಿ, ಗಂಡನ ಜೊತೆ ಬಾಲಿಗೆ ಹೋದೆ, ಅಲ್ಲಿನ ತುಲಂಬೆನ್ ಕಡಲತೀರದ ಬಳಿ ಮುಳುಗಿರುವ ಲಿಬರ್ಟಿ ಹಡಗನ್ನು ನೋಡಲು.

ಲಿಬರ್ಟಿ ಅಮೆರಿಕದ ಸೇನೆಯ ಸರಕು ಹಡಗು. ಸುಮಾರು 120 ಮೀಟರ್ ಉದ್ದ. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಅದಕ್ಕೆ ಟಾರ್ಪಿಡೊ ಹೊಡೆಯಿತು. ಎಳೆದು ತರುವಾಗ ನೀರು ತುಂಬಿದ್ದರಿಂದ ತುಲಂಬೆನ್‌ನಲ್ಲಿ ದಡಕ್ಕೆ ಹತ್ತಿಸಿದರು. 21 ವರ್ಷ ಅದೂ ನಮ್ಮ ಚಪಲ್ ಥರ ದಡದಲ್ಲೇ ಇತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು.

ದೋಣಿಯೇ ಬೇಡ. ದಡದಿಂದ ನಡೆದೇ ಇಳಿಯಬಹುದು. ಅಲ್ಲಿನ ಹೆಂಗಸರು ಡೈವಿಂಗ್‌ನ ಗಾಳಿ ಸಿಲಿಂಡರ್ ಅನ್ನು ತಲೆ ಮೇಲೆ ಹೊತ್ತು ತರುತ್ತಾರೆ, ಥೇಟ್ ನಮ್ಮ ಮೀನಿನ ಬುಟ್ಟಿ ಹೊತ್ತ ಹಾಗೆ.

ನಾವು ಗೊತ್ತು ಮಾಡಿದ ಡೈವಿಂಗ್ ಅಂಗಡಿಯವರು ಮೊದಲ ದಿನ ಹತ್ತು ಗಂಟೆಗೆ ಕರೆದೊಯ್ದರು. ಅದೇ ತಪ್ಪಾಯಿತು. ಎಲ್ಲಿ ನೋಡಿದರೂ ಜನ, ಗುಳ್ಳೆ. ಒಬ್ಬ ಹವಳವನ್ನೇ ಹಿಡಿದು ನಿಂತಿದ್ದ, ಹೊಟ್ಟೆ ಉರಿಯಿತು. ಮರುದಿನ ಹಟ ಮಾಡಿ ಆರಕ್ಕೇ ಇಳಿದೆ. ನಸುಬೆಳಕಿನಲ್ಲಿ ಹಣೆ ಉಬ್ಬಿದ ದೊಡ್ಡ ಗಿಣಿಮೀನುಗಳ ಹಿಂಡು ಹಡಗಿನ ಪಕ್ಕದಲ್ಲೇ ತೇಲುತ್ತಿತ್ತು. ಒಂದು ನನ್ನ ಮುಂದೆಯೇ ಹವಳ ಕಚ್ಚಿತು. ಕಟ್ ಅಂತ ಕೇಳಿತು! ಕಪ್ಪು ಮರಳಿನಿಂದ ಸಣ್ಣ ಹಾವುಮೀನುಗಳು ಕಡ್ಡಿ ನೆಟ್ಟ ಹಾಗೆ ಎದ್ದು ನಿಂತಿದ್ದವು. ಹತ್ತಿರ ಹೋದರೆ ಸರ್ರನೆ ಒಳಗೆ.

ಹಡಗಿನ ಕೆಳಭಾಗ 30 ಮೀಟರ್ ಹತ್ತಿರ ಇದೆ. ನನ್ನ ಲೈಸೆನ್ಸ್‌ಗೆ 18 ಮೀಟರ್ ಮಿತಿ. ಆಸೆಗೆ ಕೆಳಗಿಳಿಯಲು ಹೋದಾಗ ಗೈಡ್ ನನ್ನ ಕೈ ಹಿಡಿದು ಆಳ ಅಳೆಯುವ ಗೇಜ್ ತೋರಿಸಿದ. ಇಂಥ ಗೈಡ್ ಸಿಕ್ಕರೆ ಸಮಯದ ತಪ್ಪನ್ನು ಮನ್ನಿಸಬಹುದು, ಅಲ್ವಾ?

ನಮ್ಮವರಿಗೆ ಕಿವಿ ತೊಂದರೆ, ಡೈವಿಂಗ್ ಆಗುವುದಿಲ್ಲ. ಆದರೆ ಹಡಗಿನ ಮೇಲ್ಭಾಗ ಐದೇ ಮೀಟರ್ ಆಳದಲ್ಲಿದೆ. ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ ಸುಮ್ನೆ ತೇಲುತ್ತಾ ಅದನ್ನು ನೋಡಿದರು. ನೇತ್ರಾಣಿಗೆ ಹೋಗುವಾಗ ದೋಣಿಯಲ್ಲಿ ವಾಂತಿ ಮಾಡಿಕೊಂಡಿದ್ದವರು ಇಲ್ಲಿ ಮೂರು ಸಲ ಇಳಿದರು.

ದಪ್ಪ ಅಟ್ಟೆಯ ಡೈವಿಂಗ್ ಬೂಟು ಮರೆಯಬೇಡಿ. ದಡದ ತುಂಬ ಉರುಟು ಕಪ್ಪು ಕಲ್ಲು, ಅಲೆ ಬಂದಾಗ ಕಾಲಡಿಯೇ ಸರಿಯುತ್ತವೆ. ನಮ್ಮವರು ಚಪ್ಪಲಿಯಲ್ಲಿ ಇಳಿದು ಮಂಡಿ ತರಚಿಕೊಂಡರು.