ಬೆಳಗಿನ ವಾಕಿಂಗಿಗೆ ಕ್ಯಾಂಡಿಯೋ, ಹನೋಯ್ಯೋ?

ಮಣಿಪಾಲದ ಮಣ್ಣಪಳ್ಳ ಕೆರೆಯಲ್ಲಿ ದಿನಾ ಸಿಗುವ ವಾಕಿಂಗ್ ಮಿತ್ರರದ್ದು ಒಂದೇ ಪ್ರಶ್ನೆ: ರಜೆಗೆ ಶ್ರೀಲಂಕಾದ ಕ್ಯಾಂಡಿಗೆ ಹೋಗುವುದಾ, ವಿಯೆಟ್ನಾಮಿನ ಹನೋಯ್‌ಗಾ? ಎರಡೂ ಊರುಗಳ ಮಧ್ಯದಲ್ಲೇ ಒಂದೊಂದು ಕೆರೆ. ಎರಡರಲ್ಲೂ ಬೆಳಕು ಹರಿಯುವ ಮೊದಲೇ ಎದ್ದು ಸುತ್ತು ಹಾಕಿದ್ದೇನೆ. ಬೆಳಗಿನ ಹೊತ್ತೊಂದೇ ಲೆಕ್ಕಕ್ಕೆ ಎಂದಾದರೆ ನನ್ನ ಓಟು ಹನೋಯ್‌ಗೆ, ಅದೂ ಭಾನುವಾರದ ಹನೋಯ್‌ಗೆ.

ನೋಡಲಿಕ್ಕೆ ಚಂದ ಕ್ಯಾಂಡಿಯೇ. ಅಲ್ಲಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ 1807ರಲ್ಲಿ ಗದ್ದೆಯಿದ್ದ ಜಾಗದಲ್ಲಿ ಕಟ್ಟಿಸಿದ ಕೆರೆ. ಸುತ್ತ ಗುಡ್ಡ, ದಂಡೆಯಲ್ಲೇ ಬುದ್ಧನದೆಂದು ನಂಬುವ ದಂತವಿರುವ ದಳದಾ ಮಾಳಿಗಾವ ದೇಗುಲ. ಐದೂವರೆಗೆ ಅಲ್ಲಿ ಮೊದಲ ಪೂಜೆ, ಡೋಲಿನ ಸದ್ದು. ಒಂದು ಸುತ್ತಿಗೆ ಮೂರು ಕಿ.ಮೀ. ಮೀರುತ್ತದೆ. ತೊಂದರೆ ಶುರುವಾಗುವುದು ಏಳು ಗಂಟೆಗೆ: ಕೆರೆಗೆ ತಾಗಿಯೇ ರಸ್ತೆ, ಸ್ಕೂಲ್ ವ್ಯಾನು, ಬಸ್ಸು, ಹಾರನ್ನು. ಗುಡ್ಡಗಳ ನಡುವೆ ಸಿಕ್ಕಿಕೊಂಡ ಹೊಗೆ ಬೇಗ ಹೋಗುವುದೂ ಇಲ್ಲ ಮಾರಾಯ್ರೆ.

ಹನೋಯ್‌ನ ಹೋವಾನ್ ಕಿಯೆಮ್ ಕೆರೆ ಚಿಕ್ಕದು, ಎರಡು ಕಿ.ಮೀ. ಒಳಗೇ ಸುತ್ತು ಮುಗಿಯುತ್ತದೆ. ನೀರು ಪಾಚಿ ಹಸಿರು. ಊರಿನವರು ಪೂಜ್ಯವೆಂದು ನಂಬಿದ್ದ ದೈತ್ಯ ಆಮೆ 2016ರ ಜನವರಿಯಲ್ಲಿ ಸತ್ತಿತು. ಈಗ ಆಮೆ ಗೋಪುರ, ಗುಡಿಗೆ ಹೋಗುವ ಕೆಂಪು ಸೇತುವೆ ಇವೆ. ಆದರೆ ಜನ! ಐದಕ್ಕೆಲ್ಲ ಬೀಸಣಿಗೆ ಹಿಡಿದು ಕುಣಿಯುವ ಅಜ್ಜಿಯರು, ತಾಯ್ ಚಿ ಎಂಬ ನಿಧಾನಗತಿಯ ವ್ಯಾಯಾಮ ಮಾಡುವವರು, ಬ್ಯಾಡ್ಮಿಂಟನ್ ಆಡುವವರು. ಒಬ್ಬರು ಅಜ್ಜಿ ಕೈಬೀಸಿ ಕರೆದರು. ಹಿಂದಿನ ಸಾಲಿನಲ್ಲಿ ನಿಂತು ತೋಚಿದಂತೆ ಕೈಕಾಲು ಆಡಿಸಿದೆ, ಯಾರೂ ನಗಲಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಸುತ್ತುವ ನಮಗೆ ಇದು ಎಲ್ಲಿ ಸಿಗಬೇಕು? ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಕೆರೆ ಸುತ್ತಲಿನ ರಸ್ತೆಗೆ ವಾಹನ ಬಿಡುವುದಿಲ್ಲ. ಉಳಿದ ದಿನ ಸ್ಕೂಟರುಗಳದ್ದೇ ರಾಜ್ಯ, ಆಗ ಕ್ಯಾಂಡಿಗಿಂತ ಮೇಲೇನಲ್ಲ.

ತಿಂಡಿಯಲ್ಲಿ ಮಾತ್ರ ಕ್ಯಾಂಡಿಯೇ ಗೆದ್ದಿತು. ನಮ್ಮ ಒತ್ತು ಶ್ಯಾವಿಗೆಯೇ ಅಲ್ಲೂ, ಜೊತೆಗೆ ಕೆಂಪು ತೆಂಗಿನ ಚಟ್ನಿ. ಅದರಲ್ಲಿ ಒಣ ಮೀನಿನ ಚೂರು ಇರಬಹುದು, ಮಾಧ್ವರು ಕೇಳಿಯೇ ತಿನ್ನಿ. ಹನೋಯ್‌ನಲ್ಲಿ ಫೋ ಎಂದರೆ ದನದ ಮೂಳೆಯದೋ ಕೋಳಿಯದೋ ಸಾರಿನಲ್ಲಿ ಅಕ್ಕಿ ಶ್ಯಾವಿಗೆ. ಸಸ್ಯಾಹಾರಿಗಳಿಗೆ ಹೆಸರುಬೇಳೆ ಹಾಕಿದ ಅಂಟು ಅನ್ನವೇ ಗತಿ, ಅದಕ್ಕೂ ಕೊಬ್ಬು ಬೇಡವೆಂದು ಮೊದಲೇ ಹೇಳಬೇಕು.

ನೇಪಾಳದ ಪೋಖರಾವನ್ನು ಈ ಪಂಕ್ತಿಗೆ ಸೇರಿಸಲಿಲ್ಲ. ಅಲ್ಲಿಯ ಫೇವಾ ಕೆರೆಯ ಬೆಳಗು ಮೋಡದ ಕೈಯಲ್ಲಿದೆ: 6,993 ಮೀಟರಿನ ಮಚ್ಛಾಪುಛ್ರೆ ಶಿಖರ ಕಂಡರೆ ಇವೆರಡೂ ಲೆಕ್ಕಕ್ಕಿಲ್ಲ, ಕಾಣದಿದ್ದರೆ ದೋಣಿ ಬಾಡಿಗೆ ದಂಡ. ಹನೋಯ್‌ಗೆ ಹೊರಡುವವರು ಅಕ್ಟೋಬರ್, ನವೆಂಬರ್ ಹಿಡಿಯಿರಿ. ಜೂನ್‌ನಲ್ಲಿ ಬೆಳಿಗ್ಗೆ ಆರಕ್ಕೇ ಅಂಗಿ ಒದ್ದೆ.