ಬಾಡಿಗೆ ಮನೆ: ಬ್ರೋಕರ್, ಕಂಪನಿ, ಇಲ್ಲ ನಾವೇ?

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಮನೆ ಇದೆ. ಮೊದಲ ಮಹಡಿ. ನಾವು ಇರುವುದು ಮೈಸೂರಿನಲ್ಲಿ. ಆರಂಭದಲ್ಲಿ ಏರಿಯಾದ ಬ್ರೋಕರ್ ಒಬ್ಬರ ಕೈಗೆ ಕೊಟ್ಟಿದ್ದೆವು. ಆಮೇಲೆ ಬಾಡಿಗೆ ಮನೆ ನೋಡಿಕೊಳ್ಳುವ ಕಂಪನಿಯೊಂದಕ್ಕೆ ವಹಿಸಿದೆವು. ಈಗ ಕೆಲವು ವರ್ಷಗಳಿಂದ ನಾನು ಮತ್ತು ನನ್ನ ಹೆಂಡತಿಯೇ ನೋಡಿಕೊಳ್ಳುತ್ತಿದ್ದೇವೆ. ಮೂರು ಕಾಲಕ್ಕೂ ಮನೆ ಅದೇ, ಮಾಲೀಕರೂ ನಾವೇ. ಹಾಗಾಗಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮನೆಗೆ ಯಾರು ಬರಬೇಕು ಅನ್ನುವುದನ್ನು ಮಾತ್ರ ಬೇರೆಯವರಿಗೆ ಬಿಡಬಾರದು. ಮಿಕ್ಕ ಕೆಲಸ ಯಾರಿಗೆ ಬೇಕಾದರೂ ಕೊಡಬಹುದು.

ಮೊದಲು ದುಡ್ಡಿನ ವಿಷಯ. ಬಾಡಿಗೆ 22,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬ್ರೋಕರ್ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಅಂತ ಕೇಳುತ್ತಾರೆ. ಬಾಡಿಗೆಗೆ ಬರುವವರ ಹತ್ತಿರವೂ ಅಷ್ಟೇ ತಗೊಳ್ಳುತ್ತಾರೆ. ಆದರೆ ಅದು ಒಂದು ಸಲದ ಖರ್ಚು. ಬಂದವರು ಮೂರು ವರ್ಷ ಇದ್ದರೆ ಅದೇನೂ ಭಾರ ಅನ್ನಿಸುವುದಿಲ್ಲ. ಕಂಪನಿಯ ಲೆಕ್ಕ ಬೇರೆ. ನಮ್ಮಿಂದ ಪ್ರತಿ ತಿಂಗಳ ಬಾಡಿಗೆಯಲ್ಲಿ ಶೇ 8 ಹಿಡಿದುಕೊಳ್ಳುತ್ತಿದ್ದರು, ಅದರ ಮೇಲೆ ಶೇ 18 ಜಿಎಸ್‌ಟಿ. ಅಂದರೆ 1,760 ರೂಪಾಯಿ, ಜಿಎಸ್‌ಟಿ ಸೇರಿ 2,077. ವರ್ಷಕ್ಕೆ ಹತ್ತಿರ ಹತ್ತಿರ 25,000. ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ, ಅದೂ ಪ್ರತಿ ವರ್ಷ. ರಿಪೇರಿ ಖರ್ಚು ಬೇರೆ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ, ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30 ಸುಮ್ನೆ ವಿನಾಯಿತಿ ಸಿಗುತ್ತದೆ. ರಿಪೇರಿ, ನಿರ್ವಹಣೆ ಎಲ್ಲಾ ಅದರಲ್ಲೇ ಬಂತು ಅಂತ ಅರ್ಥ. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಆ ಶೇ 30 ಸಿಗುತ್ತದೆ. ಕಂಪನಿಗೆ 25,000 ಕೊಟ್ಟರೂ ಅಷ್ಟೇ ಸಿಗುವುದು, ಕಮಿಷನ್ನನ್ನು ಬೇರೆಯಾಗಿ ತೋರಿಸಿ ಕಳೆಯಲು ಆಗುವುದಿಲ್ಲ. ಹಾಗಾಗಿ ನೀವೇ ನೋಡಿಕೊಂಡರೆ ಉಳಿಯುವ ದುಡ್ಡು ನಿಜಕ್ಕೂ ಕೈಯಲ್ಲೇ ಉಳಿಯುತ್ತದೆ.

ಆದರೆ ಮನೆ ಒಂದು ತಿಂಗಳು ಖಾಲಿ ಬಿದ್ದರೆ ಈ ಉಳಿತಾಯದಲ್ಲಿ ಬಹುಪಾಲು ಅಲ್ಲಿಗೇ ಹೋಗುತ್ತದೆ. ಇಲ್ಲಿ ಕಂಪನಿ ಮತ್ತು ಬ್ರೋಕರ್ ಇಬ್ಬರೂ ನಮಗಿಂತ ಮುಂದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಬ್ರೋಕರ್ ಹತ್ತಿರ ಮನೆ ಹುಡುಕುವವರ ಪಟ್ಟಿ ಯಾವಾಗಲೂ ಇರುತ್ತದೆ. ಸಂಜೆ ಫೋನ್ ಮಾಡಿದರೆ ಮಾರನೇ ದಿನ ಇಬ್ಬರನ್ನು ಕರೆದುಕೊಂಡು ಬರುತ್ತಾರೆ. ನಾವು ಗೇಟಿಗೆ ಬೋರ್ಡ್ ಹಾಕಿ, ಜಾಲತಾಣಗಳಲ್ಲಿ ಫೋಟೋ ಹಾಕಿ ಕಾಯಬೇಕು. ಬರುವ ಫೋನುಗಳಲ್ಲಿ ಅರ್ಧ ಬ್ರೋಕರುಗಳದ್ದೇ ಇರುತ್ತದೆ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಕ್ಯಾಲೆಂಡರ್ ನೋಡುವುದು. ಏಪ್ರಿಲ್, ಮೇ ತಿಂಗಳಲ್ಲಿ ಸ್ಕೂಲು ಶುರುವಾಗುವ ಮೊದಲು ಮನೆ ಬದಲಾಯಿಸುವವರು ಜಾಸ್ತಿ. ಆಷಾಢ ಬಂತೆಂದರೆ ಯಾರೂ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಒಪ್ಪುವುದಿಲ್ಲ. ಧನುರ್ಮಾಸದಲ್ಲೂ ಹಾಗೇ. ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣದವರೆಗೆ ಬೀಗ ಹಾಕಿಕೊಂಡೇ ಇರುತ್ತದೆ. ಅದಕ್ಕೇ ಕರಾರು ಮುಗಿಯುವ ತಿಂಗಳು ಬೇಸಿಗೆಗೆ ಬರುವ ಹಾಗೆ ಮಾಡಿಕೊಂಡಿದ್ದೇವೆ. ಒಮ್ಮೆ 11 ತಿಂಗಳ ಬದಲು 9 ತಿಂಗಳಿಗೆ ಬರೆಸಿದೆವು. ಬಾಡಿಗೆಗೆ ಬಂದವರಿಗೂ ಮಕ್ಕಳ ಸ್ಕೂಲಿನ ಲೆಕ್ಕಕ್ಕೆ ಅದೇ ಅನುಕೂಲ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ರೋಕರ್ ಕಾಲದಲ್ಲಿ ಒಂದು ದಿನ ನಮ್ಮ ಕೆಳಗಿನ ಮನೆಯವರು ಫೋನ್ ಮಾಡಿದರು. "ಏನ್ ಸಾರ್, ನೀವು ಜಾತಿ ಕೇಳಿ ಮನೆ ಕೊಡ್ತೀರಾ?" ಅಂದರು. ನನಗೆ ಅರ್ಥವಾಗಲಿಲ್ಲ. ಅವರ ಆಫೀಸಿನ ಹುಡುಗನೊಬ್ಬ ಹೆಂಡತಿ ಮಗುವಿನ ಜೊತೆ ಮನೆ ನೋಡಲು ಬಂದಿದ್ದನಂತೆ. ಬ್ರೋಕರ್ ಬಾಗಿಲಲ್ಲೇ ನಿಲ್ಲಿಸಿ, "ನೀವು ಯಾವ ಜನ? ಮನೇಲಿ ನಾನ್‌ವೆಜ್ ಮಾಡ್ತೀರಾ? ಓನರ್ ಒಪ್ಪಲ್ಲ" ಅಂತ ವಾಪಸ್ ಕಳಿಸಿದ್ದಾರೆ. ನಾವು ಹಾಗೆ ಯಾವತ್ತೂ ಹೇಳಿರಲಿಲ್ಲ. ನಮ್ಮನ್ನು ಯಾರೂ ಕೇಳಿಯೂ ಇರಲಿಲ್ಲ. ಇನ್ನೂ ಎಷ್ಟು ಜನರನ್ನು ನಮ್ಮ ಹೆಸರು ಹೇಳಿ ವಾಪಸ್ ಕಳಿಸಿದ್ದಾರೋ ಅಂತ ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ. ಬ್ರೋಕರನ್ನು ಬಿಡಲು ನಮಗೆ ಇದೊಂದೇ ಕಾರಣ ಸಾಕಾಗಿತ್ತು.

ಕಂಪನಿಯವರು ಜಾತಿ ಕೇಳುತ್ತಿರಲಿಲ್ಲ. ಅದು ಒಳ್ಳೆಯದೇ. ಆದರೆ ಅವರು ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಒಂದು ಪಿಡಿಎಫ್ ಬರುತ್ತಿತ್ತು: ಹೆಸರು, ಕೆಲಸ, ಸಂಬಳ, ಆಧಾರ್, ಪ್ಯಾನ್. ಒಪ್ಪಿಗೆ ಅಂತ ಒತ್ತಿದರೆ ಮುಗಿಯಿತು. ಆ ಮನುಷ್ಯರನ್ನು ನಾವು ನೋಡುತ್ತಲೇ ಇರಲಿಲ್ಲ. ಅವರೂ ನಮ್ಮನ್ನು ನೋಡುತ್ತಿರಲಿಲ್ಲ. ಮನೆ ಯಾರದ್ದು ಅಂತಲೇ ಗೊತ್ತಿಲ್ಲದಿದ್ದರೆ ಮನೆಯ ಮೇಲೆ ಕಾಳಜಿ ಎಲ್ಲಿಂದ ಬರಬೇಕು, ಅಲ್ವಾ?

ಈಗ ನಾವು ಭಾನುವಾರ ಬೆಳಗ್ಗೆ ಮೈಸೂರಿನಿಂದ ಹೊರಟು ಹೋಗುತ್ತೇವೆ. ಮನೆ ನೋಡಲು ಬರುವವರಿಗೆಲ್ಲ ಅದೇ ದಿನ ಬೇರೆ ಬೇರೆ ಸಮಯ ಕೊಟ್ಟಿರುತ್ತೇವೆ. ಈಗ ಇರುವ ಕುಟುಂಬ ಬಂದಾಗ ಆ ಮನೆಯ ಅಮ್ಮ ಹಾಲ್ ಕಡೆ ನೋಡಲೇ ಇಲ್ಲ. ನೇರ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. "ಇದು ಕಾವೇರಿ ನೀರಾ, ಬೋರಾ? ಯಾವ ದಿನ ಬರತ್ತೆ? ಸಂಪು ಎಷ್ಟು ದೊಡ್ಡದು?" ಅಂತ ಕೇಳಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಕಷ್ಟ ನೋಡಿದವರ ಪ್ರಶ್ನೆ ಅದು. ಆಮೇಲೆ ಬಾತ್‌ರೂಮಿನ ಕಿಟಕಿ ತೆಗೆದು ಮುಚ್ಚಿ ನೋಡಿದರು. ಬಾಡಿಗೆ ಚೌಕಾಶಿ ಕೊನೆಗೆ. ಇಂಥ ಪ್ರಶ್ನೆ ಕೇಳುವವರು ಬಹಳ ದಿನ ಇರುವ ಮನಸ್ಸಿನಿಂದ ಬಂದಿರುತ್ತಾರೆ. ಇದು ಯಾವ ಪಿಡಿಎಫ್‌ನಲ್ಲೂ ಬರುವುದಿಲ್ಲ. ಸಂಬಳದ ಚೀಟಿ ಮತ್ತು ಹಳೆಯ ಮನೆ ಮಾಲೀಕರ ಫೋನ್ ನಂಬರ್ ನಾವೂ ಕೇಳುತ್ತೇವೆ, ಫೋನ್ ಮಾಡಿ ಮಾತಾಡುತ್ತೇವೆ. ಆದರೆ ಕೊನೆಯ ತೀರ್ಮಾನ ಆ ಅರ್ಧ ಗಂಟೆಯ ಮಾತುಕತೆಯಲ್ಲೇ ಆಗುವುದು.

ಬಾಡಿಗೆ ಏರಿಸುವ ವಿಷಯದಲ್ಲೂ ಇದೇ ವ್ಯತ್ಯಾಸ. ಕರಾರು ಹೊಸದು ಮಾಡುವಾಗ ಕಂಪನಿಯವರು ಶೇ 10 ಏರಿಸಿ ಅಂತ ಒತ್ತಾಯ ಮಾಡಿದರು. ಬಾಡಿಗೆ ಏರಿದಷ್ಟೂ ಅವರ ಪಾಲೂ ಏರುತ್ತದೆ. ಬ್ರೋಕರಿಗೆ ಅಂತೂ ಬಾಡಿಗೆಯವರು ಬಿಟ್ಟು ಹೋದರೇ ಲಾಭ, ಹೊಸ ಕಮಿಷನ್ ಬರುತ್ತದೆ. ನಮ್ಮ ಲೆಕ್ಕ ನೋಡಿ: ಶೇ 5ರ ಬದಲು ಶೇ 10 ಏರಿಸಿದರೆ ವರ್ಷಕ್ಕೆ ಹೆಚ್ಚಿಗೆ ಸಿಗುವುದು 13,200. ಅದಕ್ಕೆ ಬೇಜಾರಾಗಿ ಅವರು ಖಾಲಿ ಮಾಡಿದರೆ, ಮನೆ ಒಂದೇ ತಿಂಗಳು ಖಾಲಿ ಇದ್ದರೂ 22,000 ಹೋಯಿತು, ಜೊತೆಗೆ ಪೇಂಟಿಂಗ್. ನಾವು ಶೇ 5ಕ್ಕೇ ನಿಲ್ಲಿಸಿದ್ದೇವೆ.

ರಿಪೇರಿಯಲ್ಲಿ ಕಂಪನಿಯೇ ವಾಸಿ ಅಂತ ಎಲ್ಲರೂ ಹೇಳುತ್ತಾರೆ. ಗೀಸರ್ ಕೆಟ್ಟರೆ, ಬಲ್ಬ್ ಹೋದರೆ, ಬಾಗಿಲ ಚಿಲಕ ಸಡಿಲವಾದರೆ ಅದು ನಿಜ. ಆ್ಯಪ್‌ನಲ್ಲಿ ದೂರು ಹಾಕಿದರೆ ಯಾರೋ ಬರುತ್ತಾರೆ. ಕಷ್ಟ ಶುರುವಾಗುವುದು ಕಾರಣ ಹುಡುಕಬೇಕಾದ ಕೆಲಸದಲ್ಲಿ. ನಮ್ಮ ಬಾತ್‌ರೂಮಿನಿಂದ ಕೆಳಗಿನ ಮನೆಯ ಸೀಲಿಂಗಿಗೆ ನೀರು ಜಿನುಗಿ ದೊಡ್ಡ ಕಲೆ ಆಗಿತ್ತು. ಕಂಪನಿ ಕಳಿಸಿದ ಪ್ಲಂಬರ್ ಬಂದು ನಲ್ಲಿ ಬದಲಾಯಿಸಿ ಹೋದ. ಬಿಲ್ ಬಂತು, ದೂರು ಬಗೆಹರಿದಿದೆ ಅಂತ ಮೆಸೇಜ್ ಬಂತು. ಕಲೆ ಹಾಗೇ ಇತ್ತು. ಮತ್ತೆ ದೂರು ಕೊಟ್ಟಾಗ ಬೇರೆ ಪ್ಲಂಬರ್ ಬಂದು ಫ್ಲಶ್ ಟ್ಯಾಂಕ್ ಬದಲಾಯಿಸಿದ. ಮತ್ತೆ ಬಿಲ್. ಮೊದಲನೆಯವನು ಏನು ನೋಡಿದ ಅಂತ ಎರಡನೆಯವನಿಗೆ ಗೊತ್ತೇ ಇರಲಿಲ್ಲ.

ನಾವೇ ನೋಡಿಕೊಳ್ಳಲು ಶುರು ಮಾಡಿದ ಮೇಲೆ ಕೆಳಗಿನ ಮನೆಯವರೇ ಒಬ್ಬ ಪ್ಲಂಬರನ್ನು ಹೇಳಿದರು. ಆತ ಬಂದವನು ಏನನ್ನೂ ಬಿಚ್ಚಲಿಲ್ಲ. ನೆಲದ ನಹಾನಿ ಟ್ರ್ಯಾಪಿಗೆ, ಅಂದರೆ ನೀರು ಹೊರಗೆ ಹೋಗುವ ತೂತಿಗೆ, ಪ್ಲಾಸ್ಟಿಕ್ ಕವರ್ ತುರುಕಿ ಬಿಗಿಯಾಗಿ ಮುಚ್ಚಿದ. ಬಾತ್‌ರೂಮಿನಲ್ಲಿ ಒಂದು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಕೆಳಗೆ ಹೋಗಿ ಒಣಗಿದ ಬಟ್ಟೆಯಲ್ಲಿ ಸೀಲಿಂಗ್ ಒರೆಸಿ ಬಂದ. ಸಂಜೆ ನೋಡಿದರೆ ನೀರು ಗೆರೆಯಲ್ಲೇ ಇತ್ತು, ಸೀಲಿಂಗ್ ಒಣಗಿಯೇ ಇತ್ತು. "ಟೈಲ್ಸ್ ಸರಿ ಇದೆ ಸಾರ್, ಟ್ರ್ಯಾಪಿನ ಜಾಯಿಂಟೇ ಬಿಟ್ಟಿರೋದು" ಅಂದ. ಕವರ್ ತೆಗೆದು ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಕೆಳಗೆ ಹನಿ ಬಿತ್ತು. ಟ್ರ್ಯಾಪಿನ ಸುತ್ತ ನಾಲ್ಕು ಟೈಲ್ಸ್ ಒಡೆದು, ಜಾಯಿಂಟ್ ಹೊಸದಾಗಿ ಕೂರಿಸಿ, ವಾಟರ್‌ಪ್ರೂಫಿಂಗ್ ಬಳಿದು ಮುಚ್ಚಿದ. ಆಮೇಲೆ ಆ ಸೀಲಿಂಗಿಗೆ ಕಲೆ ಬಂದಿಲ್ಲ. ಈಗ ಆ ಮನೆಯ ನೀರಿನ ಕೆಲಸ ಏನಿದ್ದರೂ ಆತನದ್ದೇ. ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಆತನಿಗೆ ಗೊತ್ತು.

ಅದಕ್ಕಾಗಿ ನಾವು ತೆರುವ ಬೆಲೆಯೂ ಇದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ: "ಮೇಡಂ, ಮೋಟಾರ್ ಆನ್ ಆಗ್ತಿಲ್ಲ, ಟ್ಯಾಂಕಲ್ಲಿ ನೀರಿಲ್ಲ." ಮೈಸೂರಿನಿಂದ ಏನು ಮಾಡಲು ಸಾಧ್ಯ? ನನ್ನ ಹೆಂಡತಿ ವಿಡಿಯೋ ಕಾಲ್‌ನಲ್ಲೇ ಸ್ಟಾರ್ಟರ್ ಡಬ್ಬ ತೋರಿಸಲು ಹೇಳಿ, ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಟ್ಟಿದ್ದುಂಟು. ಆಗದಿದ್ದರೆ ಏರಿಯಾದ ಎಲೆಕ್ಟ್ರಿಷಿಯನ್‌ಗೆ ಫೋನ್. ಕೇಳಿದಷ್ಟು ಕೊಡುತ್ತೇವೆ, ಚೌಕಾಶಿ ಮಾಡುವುದಿಲ್ಲ, ಅವತ್ತೇ ಯುಪಿಐ ಮಾಡುತ್ತೇವೆ. ಅದಕ್ಕೇ ಅವರು ನಮ್ಮ ಫೋನ್ ಎತ್ತುತ್ತಾರೆ. ಇಂಥ ಇಬ್ಬರು ಸಿಗುವವರೆಗೆ ದೂರದಿಂದ ಮನೆ ನೋಡಿಕೊಳ್ಳಲು ಹೋಗಬೇಡಿ.

ಅಡ್ವಾನ್ಸ್ ವಿಷಯದಲ್ಲಿ ನಾನು ಖಡಾಖಂಡಿತ. ಯಾರ ಮೂಲಕ ಕೊಟ್ಟರೂ ಅಡ್ವಾನ್ಸ್ ದುಡ್ಡು ಬಾಡಿಗೆಯವರ ಖಾತೆಯಿಂದ ನೇರ ಮಾಲೀಕರ ಖಾತೆಗೇ ಬರಬೇಕು. ಬೆಂಗಳೂರಿನಲ್ಲಿ ಕೆಲವು ಮಧ್ಯವರ್ತಿಗಳು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ತಗೊಂಡು, ಅದನ್ನೇ ಬೇರೆಯವರಿಗೆ ಲಕ್ಷಗಟ್ಟಲೆ ದುಡ್ಡಿಗೆ ಲೀಸ್‌ಗೆ (ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದುಡ್ಡು ತಗೊಂಡು) ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಮಾಯವಾದ ಪ್ರಕರಣಗಳು ಪೊಲೀಸ್ ಠಾಣೆ ಹತ್ತಿವೆ. ಆಗ ಮಾಲೀಕರಿಗೆ ಬಾಡಿಗೆ ಇಲ್ಲ, ಒಳಗಿರುವವರಿಗೆ ಲೀಸ್ ದುಡ್ಡಿಲ್ಲ, ತಪ್ಪೇ ಮಾಡದ ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಾ ನಿಲ್ಲಬೇಕಾಗುತ್ತದೆ. ಒಳಗೆ ಇರುವವರ ಜೊತೆ ಮಾಲೀಕರೇ ಕರಾರಿಗೆ ಸಹಿ ಹಾಕಿದ್ದರೆ ಈ ಮೋಸಕ್ಕೆ ಜಾಗವೇ ಇರುವುದಿಲ್ಲ. ಹಾಗೇ, ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೇ ಪದ್ಧತಿ ನನಗೆ ಸರಿ ಕಾಣುವುದಿಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ. ಅದು ಮಾದರಿ ಮಾತ್ರ, ನಾವು ನಾಲ್ಕು ತಿಂಗಳದ್ದು ತಗೊಳ್ಳುತ್ತೇವೆ. ಖಾಲಿ ಮಾಡುವ ದಿನವೇ ವಾಪಸ್ ಕೊಡಲು ಅದನ್ನು ಬೇರೆ ಇಟ್ಟಿರುತ್ತೇವೆ.

ಕಾಗದ ಪತ್ರದ ಕೆಲಸದಲ್ಲಿ ಮೂರಕ್ಕೂ ಅಂಥ ವ್ಯತ್ಯಾಸ ಇಲ್ಲ. 11 ತಿಂಗಳ ಕರಾರು ಯಾರು ಬೇಕಾದರೂ ಮಾಡಿಸಬಹುದು. ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಆಸ್ತಿ ತೆರಿಗೆ ಹೇಗಿದ್ದರೂ ನಮ್ಮ ತಲೆಮೇಲೇ, ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಬಾಡಿಗೆಯವರು ಎಚ್‌ಆರ್‌ಎಗೆ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ) ನಿಮ್ಮ ಪ್ಯಾನ್ ನಂಬರ್ ಕೇಳಿದರೆ ಮುಖ ಸಿಂಡರಿಸದೆ ಕೊಡಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಅವರಿಗೆ ಅದು ಬೇಕೇ ಬೇಕು. ಬ್ರೋಕರಾಗಲಿ ಕಂಪನಿಯಾಗಲಿ ನೆನಪಿಸದ ಒಂದು ಕೆಲಸ ಮಾತ್ರ ಇದೆ: ಗೃಹಜ್ಯೋತಿ. ಖಾಲಿ ಮಾಡುವವರು ತಮ್ಮ ಆಧಾರನ್ನು ಆ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಸಂಪರ್ಕದ ನಂಬರ್) ಡಿ-ಲಿಂಕ್ ಮಾಡಿಸಬೇಕು. ಇಲ್ಲದಿದ್ದರೆ ಅವರಿಗೆ ಹೊಸ ಮನೆಯಲ್ಲಿ ತೊಂದರೆ, ನಿಮ್ಮ ಮನೆಗೆ ಬರುವವರಿಗೂ ತೊಂದರೆ. ಬೀಗದ ಕೈ ತಗೊಳ್ಳುವ ದಿನವೇ ಎದುರಿಗೆ ಕೂತು ಫೋನಿನಲ್ಲಿ ಮಾಡಿಸಿಬಿಡಿ. ಬೆಸ್ಕಾಂ ಬಿಲ್ ಬಾಕಿ ಇದೆಯಾ ಅಂತಲೂ ಆಗಲೇ ನೋಡಿಬಿಡಿ.

ಹಾಗಾದರೆ ಯಾರಿಗೆ ಯಾವುದು? ಮೂರು ನಾಲ್ಕು ಗಂಟೆ ಪ್ರಯಾಣದ ದೂರದಲ್ಲಿದ್ದು, ಒಂದೆರಡು ಮನೆ ಇರುವವರು ತಾವೇ ನೋಡಿಕೊಳ್ಳುವುದು ಒಳ್ಳೆಯದು. ಅವಸರವಿದ್ದರೆ ಜನರನ್ನು ಕರೆತರಲು ಬ್ರೋಕರಿಗೆ ಹೇಳಿ, ಕಮಿಷನ್ ಕೊಡಿ. ಆದರೆ ಯಾರನ್ನೂ ನಮ್ಮನ್ನು ಕೇಳದೆ ವಾಪಸ್ ಕಳಿಸಬಾರದು ಅಂತ ಮೊದಲೇ ಸ್ಪಷ್ಟವಾಗಿ ಹೇಳಿ.

ಅಮೆರಿಕ, ದುಬೈ ಕಡೆ ಇರುವ ನಮ್ಮವರಿಗೆ ಕಂಪನಿ ಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕಟ್ಟುವವರು, ಬಾಡಿಗೆ ಎಷ್ಟೇ ಇರಲಿ, ಸೆಸ್ ಸೇರಿ ಸುಮಾರು ಶೇ 31.2 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಇದು ಗೊತ್ತಿಲ್ಲದ ಬಾಡಿಗೆಯವರು ಆಮೇಲೆ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಇದನ್ನು ಸರಿಯಾಗಿ ನಿಭಾಯಿಸುವ ಕಂಪನಿಗೆ ಶೇ 8 ಕೊಡಬಹುದು. ಆದರೂ ಬಾಡಿಗೆಗೆ ಬರುವವರ ಜೊತೆ ಒಂದು ವಿಡಿಯೋ ಕಾಲ್ ಮಾಡದೆ ಒಪ್ಪಿಗೆ ಕೊಡಬೇಡಿ. ಬಾಡಿಗೆ ಮತ್ತು ಅಡ್ವಾನ್ಸ್ ನಿಮ್ಮ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಡುವ ಬ್ಯಾಂಕ್ ಖಾತೆ) ಬರಲಿ. ಅಧಿಕಾರ ಪತ್ರ ಬರೆಸುವುದಾದರೆ ಈ ಒಂದು ಮನೆಯ ಬಾಡಿಗೆ ಕರಾರಿಗೆ ಸಹಿ ಹಾಕಲು ಮಾತ್ರ ಅಂತ ಬರೆಸಿ. ಮಾರುವ, ಅಡವಿಡುವ, ಲೀಸ್‌ಗೆ ಕೊಡುವ ಅಧಿಕಾರದ ಸಾಲುಗಳು ಅದರಲ್ಲಿದ್ದರೆ ಹೊಡೆದು ಹಾಕಿಸಿ, ಆಮೇಲೆ ಸಹಿ ಮಾಡಿ.